ಇ.ಸಿ. ಕ್ಲೀನ್ ಇದೆ, ಅಕ್ಕನ ಸಹಿ ಎಲ್ಲಿ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ 20-30 ಸೈಟಿನ ಹಳೇ ಮನೆಯೊಂದು 68 ಲಕ್ಷಕ್ಕೆ ಮಾತಾಗಿದೆ. ಮನೆ ಕೊಂಡ ತಂದೆ ತೀರಿಕೊಂಡಿದ್ದಾರೆ. ಖಾತೆ ಈಗ ಮಗನ ಹೆಸರಲ್ಲಿದೆ. ತಾಯಿ ಇದ್ದಾರೆ, ಅಕ್ಕ ಶಿವಮೊಗ್ಗದಲ್ಲಿದ್ದಾರೆ. '13 ವರ್ಷದ ಇ.ಸಿ. (ಋಣಭಾರ ಪತ್ರ) ಕ್ಲೀನ್ ಇದೆ, ಮುಂದಿನ ಗುರುವಾರವೇ ರಿಜಿಸ್ಟ್ರೇಷನ್' ಅಂತಾರೆ ಬ್ರೋಕರ್. ಇನ್ನೇನು ನೋಡಬೇಕು?
- ಓದುಗರು, ಮೈಸೂರು

ಉತ್ತರ: ಗುರುವಾರ ಬೇಡಮ್ಮಾ, ಮುಂದಕ್ಕೆ ಹಾಕಿ.

ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು 31 ವರ್ಷ ಪತ್ರ ಬರೆದವನು ನಾನು. ಇ.ಸಿ.ಯಲ್ಲಿ ಕಾಣೋದು ನೋಂದಣಿಯಾದ ಪತ್ರಗಳು ಮಾತ್ರ. ನೋಂದಣಿ ಮಾಡಿಸದ ಉಯಿಲು ಅದರಲ್ಲಿ ಬರಲ್ಲ, ಅಕ್ಕನ ಪಾಲೂ ಬರಲ್ಲ. ಖಾತೆ ಅಂದರೆ ಕಂದಾಯ ಕಟ್ಟುವವರ ಹೆಸರು, ಅಷ್ಟೇ. ಅದರಿಂದ ಮನೆ ಮಗನೊಬ್ಬನದೇ ಆಗಲ್ಲ.

ತಂದೆ ಸ್ವಂತ ದುಡ್ಡಲ್ಲಿ ಕೊಂಡು, ಉಯಿಲು ಬರೆಯದೆ ತೀರಿಕೊಂಡಿದ್ದರೆ ತಾಯಿ, ಮಗ, ಮಗಳು ಮೂವರಿಗೂ ಸಮಪಾಲು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ತಂದೆ ತೀರಿಕೊಂಡಾಗ ಅವರ ತಾಯಿ ಬದುಕಿದ್ದರೆ ಆ ಅಜ್ಜಿಗೂ ಒಂದು ಪಾಲು. 'ಮದುವೇಲಿ ಚಿನ್ನ ಹಾಕಿ ಕಳಿಸಿದ್ದೀವಲ್ಲ' ಅನ್ನೋ ಮಾತು ನನ್ನ ಮೇಜಿನ ಮುಂದೆ ಎಷ್ಟು ಸಲ ಬಂದಿದೆಯೋ! ಕೋರ್ಟಿನಲ್ಲಿ ಅದು ನಿಲ್ಲಲ್ಲ. ಹಾಗಾಗಿ ವಂಶವೃಕ್ಷ ಕೇಳಿ. ತಾಯಿಯ ಜೊತೆ ಅಕ್ಕನೂ ಬಂದು ಕ್ರಯಪತ್ರಕ್ಕೆ ಸಹಿ ಹಾಕಲಿ, ಇಲ್ಲವೇ ಪಾಲು ಬಿಟ್ಟುಕೊಟ್ಟೆ ಅಂತ ನೋಂದಣಿಯಾದ ಹಕ್ಕು ಖುಲಾಸೆ ಪತ್ರ ಕೊಡಲಿ. ಫೋನಿನಲ್ಲಿ 'ನಂದೇನೂ ಅಭ್ಯಂತರ ಇಲ್ಲ' ಅಂದರೆ ಸಾಲದು.

ಇ.ಸಿ.ಯನ್ನು 30 ವರ್ಷದ್ದು ತೆಗೆಸಿ. ಮೂಲಪತ್ರದ ಜೆರಾಕ್ಸ್ ಬೇಡ, ಅಸಲು ನೋಡಿ. ಅಸಲು 'ಬ್ಯಾಂಕಲ್ಲಿದೆ' ಅಂದರೆ ಸಾಲ ಇದೆ ಅಂತ ಅರ್ಥ. ಎಲ್ಲವನ್ನೂ ನಿಮ್ಮದೇ ವಕೀಲರಿಗೆ ತೋರಿಸಿ, ಬ್ರೋಕರ್ ಕರೆತಂದವರಿಗಲ್ಲ.

ದುಡ್ಡಿನ ವಿಷಯ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 2 ಆಗಿದೆ. ಮುದ್ರಾಂಕ ಶುಲ್ಕ, ಸೆಸ್ಸು ಸೇರಿದರೆ 68 ಲಕ್ಷಕ್ಕೆ ಸುಮಾರು 5.17 ಲಕ್ಷ. ಬೆಲೆ 50 ಲಕ್ಷ ದಾಟಿರೋದರಿಂದ ಶೇ. 1 ಟಿಡಿಎಸ್ (ಮಾರುವವರಿಗೆ ಕೊಡೋ ದುಡ್ಡಲ್ಲೇ ಮುರಿಯುವ ಆದಾಯ ತೆರಿಗೆ) ಹಿಡಿದು ಕಟ್ಟೋದು ನಿಮ್ಮ ಕೆಲಸ. ಸಹಿ ಹಾಕುವ ಎಲ್ಲರ ಪ್ಯಾನ್ ಮೊದಲೇ ಇಸಿದುಕೊಳ್ಳಿ.

ಕೊನೆಗೆ ನನ್ನದೇ ಪೆದ್ದುತನ. ಸಾವಿರಾರು ಜನರ ಚಕ್ಕುಬಂದಿ (ಆಸ್ತಿಯ ನಾಲ್ಕು ದಿಕ್ಕಿನ ಗಡಿ) ಬರೆದವನು, ನನ್ನ ಮನೆ ಕೊಳ್ಳುವಾಗ ಅಳತೆಯನ್ನೇ ಮಾಡಲಿಲ್ಲ. ಪತ್ರದಲ್ಲಿ 40 ಅಡಿ, ನೆಲದ ಮೇಲೆ ಮೂವತ್ತೆಂಟೂವರೆ! ಉಳಿದದ್ದು ಪಕ್ಕದವರ ಕಾಂಪೌಂಡಿನೊಳಗೆ. ಭಾನುವಾರ ಟೇಪು ಹಿಡಿದು ಹೋಗಿ. ಇನ್ನೊಂದು ತುದಿ ಹಿಡಿಯೋಕೆ ಮಾರುವವರನ್ನೇ ಕರೆಯಿರಿ.