ಸಾಕಿದ ನಾಯಿ ಮನೆಯವರ ಮೇಲೇ ಗುರ್ ಅಂತಿದೆ, ಒಂದು ಸಲ ಕಚ್ಚಿಯೂ ಆಯ್ತು. ಏನು ಮಾಡಬೇಕು?

ನೀವು ಬರೆದಿರುವುದು ಇಷ್ಟು. ಎರಡೂವರೆ ವರ್ಷದ ಗಂಡು ನಾಯಿ, ಜರ್ಮನ್ ಶೆಫರ್ಡ್ ಕ್ರಾಸ್. ಅದು ಊಟ ಮಾಡುವಾಗ ಅತ್ತೆಯವರು ಬಟ್ಟಲು ಸರಿಸಲು ಹೋಗಿ ಕೈ ಕಚ್ಚಿಸಿಕೊಂಡಿದ್ದಾರೆ, ರಕ್ತವೂ ಬಂದಿದೆ. ಗೇಟಿನ ಹತ್ತಿರ ಹಾಲಿನವರು, ಕೊರಿಯರ್ ಹುಡುಗರು ಯಾರು ಬಂದರೂ ಚೈನು ಕಿತ್ತುಕೊಂಡು ಬರುವ ಹಾಗೆ ಎಗರುತ್ತದೆ. ಗುರ್ ಅಂದಾಗಲೆಲ್ಲ ನಿಮ್ಮ ಯಜಮಾನರು ಕೋಲಲ್ಲಿ ಬಾರಿಸುತ್ತಾರೆ, ‘ಈಗೀಗ ಗುರ್ ಅನ್ನೋದು ಕಡಿಮೆ ಆಗಿದೆ’ ಅಂತಲೂ ಹೇಳಿದ್ದೀರಿ. ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ. ನೆಂಟರು ಶ್ರೀನಿವಾಸಪುರದ ಕಡೆ ಯಾವುದಾದರೂ ಮಾವಿನ ತೋಟದಲ್ಲಿ ಬಿಟ್ಟು ಬನ್ನಿ ಅಂತಿದ್ದಾರೆ.

ನಾನೂ ಕೋಲಾರದವನೇ. ಇದೇ ಥರದ ಕ್ರಾಸ್ ನಾಯಿ ನಮ್ಮ ಮನೆಯಲ್ಲೂ ಇದೆ, ಹೆಸರು ಕರಿಯ. ಡಾಕ್ಟರ್ ಅಲ್ಲ, ಟ್ರೈನರೂ ಅಲ್ಲ, ಒಂದು ಮುಂಗೋಪಿ ನಾಯಿ ಜೊತೆ ಬದುಕುತ್ತಿರುವವನು ಅಷ್ಟೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಜಾಸ್ತಿ ಭಯ ಆಗಿದ್ದು ಆ ‘ಕಡಿಮೆ ಆಗಿದೆ’ ಅನ್ನೋ ಸಾಲು ಓದಿ. ಅದಕ್ಕೆ ಬರುತ್ತೇನೆ, ಅದಕ್ಕೂ ಮುಂಚೆ ಎರಡು ಕೆಲಸ ಇದೆ.

ಮೊದಲು ಅತ್ತೆಯವರ ಕೈ. ನಾಯಿ ಕಚ್ಚಿದ ಕೂಡಲೇ ಗಾಯವನ್ನು ನಲ್ಲಿ ಕೆಳಗೆ ಹಿಡಿದು ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಮೆತ್ತಬಾರದು. ‘ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ, ಏನೂ ಆಗಲ್ಲ’ ಅಂತ ಸುಮ್ನೆ ಕೂತಿದ್ದರೆ ಇವತ್ತೇ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಉಚಿತ. ಚರ್ಮದಲ್ಲಿ ಕೊಡುವ ಲಸಿಕೆಯಾದರೆ ಹೋದ ದಿನ ಒಮ್ಮೆ, ಆಮೇಲೆ 3, 7, 28ನೇ ದಿನ. ಹಲ್ಲು ಇಳಿದು ರಕ್ತ ಬಂದಿದ್ದರೆ ಅದು ಮೂರನೇ ದರ್ಜೆಯ ಗಾಯ, ಗಾಯದೊಳಕ್ಕೇ ಕೊಡುವ ಇಮ್ಯುನೊಗ್ಲೋಬ್ಯುಲಿನ್ ಇಂಜೆಕ್ಷನ್ ಬಗ್ಗೆಯೂ ಡಾಕ್ಟರನ್ನು ಕೇಳಿ. ನಾಯಿಯ ಮೇಲೆ 10 ದಿನ ಕಣ್ಣಿಟ್ಟಿರಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ. ಹಾಗಾಗಿ ಇದರಲ್ಲಿ ಮಾತ್ರ ಯಾವ ಲೆಕ್ಕಾಚಾರವೂ ಬೇಡ.

ಆಮೇಲೆ ನಾಯಿಯನ್ನು ಪಶುವೈದ್ಯರಿಗೆ ತೋರಿಸಿ. ಬುದ್ಧಿ ಕಲಿಸೋಕೆ ಹೊರಡುವ ಮುಂಚೆಯೇ. ಒಂದು ಮಳೆಗಾಲದಲ್ಲಿ ನಮ್ಮ ಕರಿಯ ಇದ್ದಕ್ಕಿದ್ದ ಹಾಗೆ ತಲೆ ಸವರಿದರೆ ಗುರ್ ಅನ್ನೋಕೆ ಶುರು ಮಾಡಿದ. ಟಾರ್ಚ್ ಬಿಟ್ಟು ನೋಡಿದರೆ ಎಡಗಿವಿಯೊಳಗೆ ಕಾಫಿ ಬಣ್ಣದ ಕೊಳೆ, ಹುಳಿ ಬಂದ ಹಿಟ್ಟಿನ ವಾಸನೆ. ಸೋಂಕಾಗಿತ್ತು. ಡ್ರಾಪ್ಸ್ ಹಾಕಿ ಕಿವಿ ವಾಸಿಯಾದ ಮೇಲೆ ತಾನಾಗಿಯೇ ತಲೆ ತಂದು ಕೈಗೆ ಕೊಟ್ಟ. ಈ ಜಾತಿಗೆ ಸೊಂಟದ ಕೀಲಿನ ತೊಂದರೆ ಬೇರೆ ಜಾಸ್ತಿ. ಉಣ್ಣಿ ಕಚ್ಚಿ ಬರುವ ಟಿಕ್ ಫೀವರ್, ಹಲ್ಲುನೋವು, ಥೈರಾಯ್ಡ್, ಇವೆಲ್ಲ ಒಳ್ಳೆ ನಾಯಿಯನ್ನೂ ಸಿಡುಕ ಮಾಡುತ್ತವೆ. ಊರಿನ ಡಾಕ್ಟರಿಗೆ ಏನೂ ಸಿಗದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ‘ಗಂಡು ನಾಯಿ ಅಲ್ವಾ, ಸಂತಾನಹರಣ ಆಪರೇಷನ್ ಮಾಡಿಸಿ ಸರಿಹೋಗುತ್ತೆ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇರೆ ಕಾರಣಕ್ಕೆ ಮಾಡಿಸಬಹುದು. ಆದರೆ ಭಯಕ್ಕೆ, ಬಟ್ಟಲು ಕಾಯೋ ಚಟಕ್ಕೆ ಅದನ್ನೇ ಮದ್ದು ಅಂತ ನಂಬಿ ಕೂರಬೇಡಿ.

ಈಗ ಆ ಸಾಲಿಗೆ ಬರೋಣ.

ನಾಯಿ ಕಚ್ಚುವ ಮುಂಚೆ ಒಂದರ ಹಿಂದೆ ಒಂದು ಹೇಳುತ್ತಲೇ ಬರುತ್ತದೆ. ಮುಖ ಆ ಕಡೆ ತಿರುಗಿಸುತ್ತದೆ. ತಿನ್ನೋಕೆ ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಇಲ್ಲದಿದ್ದರೂ ಆಕಳಿಸುತ್ತದೆ. ತಲೆ ಕದಲಿಸದೆ ಕಣ್ಣು ಮಾತ್ರ ಓರೆ ಮಾಡುತ್ತದೆ, ಕಣ್ಣಂಚಿನ ಬಿಳಿ ಕಾಣುತ್ತದೆ. ತಿನ್ನುತ್ತಿದ್ದರೆ ಅಗಿಯೋದು ನಿಲ್ಲುತ್ತದೆ, ಮೈ ಸೆಟೆದುಕೊಳ್ಳುತ್ತದೆ. ಇಷ್ಟಾದರೂ ನಾವು ದೂರ ಹೋಗದಿದ್ದರೆ ಗುರ್ ಅನ್ನುತ್ತದೆ. ಅದಾದ ಮೇಲೆ ಹಲ್ಲು. ಇಷ್ಟರಲ್ಲಿ ಮನುಷ್ಯರ ಗಮನಕ್ಕೆ ಬರೋದು ಗುರ್ ಒಂದೇ. ಅದಕ್ಕೂ ಏಟು ಬಿದ್ದರೆ ನಾಯಿ ಕಲಿಯೋದೇನು? ಗುರ್ ಅಂದರೆ ಹೊಡೀತಾರೆ ಅಂತ. ಬಟ್ಟಲಿನ ಹತ್ತಿರ ಯಾರಾದರೂ ಬಂದಾಗ ಆಗುವ ಗಾಬರಿ ಹಾಗೇ ಒಳಗೆ ಉಳಿದಿರುತ್ತದೆ. ಮುಂದಿನ ಸಲ ಸದ್ದಿಲ್ಲದೆ ನೇರ ಬಾಯಿ ಹಾಕುತ್ತದೆ. ಆಗ ಎಲ್ಲರೂ ಹೇಳೋದು ‘ಸುಮ್ನೆ ನಿಂತಿತ್ತು, ಏನೂ ಗೊತ್ತಾಗದ ಹಾಗೆ ಕಚ್ಚಿಬಿಡ್ತು’ ಅಂತ. ಮಗು ಇರುವ ಮನೆಯಲ್ಲಿ ನಿಮಗೆ ಆ ಗುರ್ ಬೇಕೇ ಬೇಕು.

ಹಾಗಾಗಿ ಕೋಲು ಇವತ್ತಿಂದಲೇ ನಿಲ್ಲಲಿ. ಗುರ್ ಅಂದರೆ ಇದ್ದಲ್ಲೇ ನಿಂತು, ನಿಧಾನವಾಗಿ ಹಿಂದೆ ಸರಿಯಿರಿ. ಬೈಯಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಯಾವಾಗ, ಎಲ್ಲಿ, ಯಾರು ಹತ್ತಿರ ಇದ್ದಾಗ ಗುರ್ ಅಂತು ಅಂತ ಕ್ಯಾಲೆಂಡರ್ ಮೇಲೆ ಗೀಚಿಡಿ, ಡಾಕ್ಟರಿಗೆ ಅದೇ ದೊಡ್ಡ ಸಹಾಯ.

‘ಹಿಂದೆ ಸರಿದರೆ ನಾಯಿ ಗೆದ್ದ ಹಾಗಲ್ವಾ, ಆಮೇಲೆ ನಮ್ಮ ಮೇಲೇ ದರ್ಬಾರು ಮಾಡಲ್ವಾ’ ಅಂತ ನಿಮ್ಮ ಯಜಮಾನರು ಕೇಳಬಹುದು. ನಮ್ಮಪ್ಪನೂ ಇದನ್ನೇ ಕೇಳಿದ್ದು. ನಾಯಿಗೆ ನಾವು ‘ಆಲ್ಫಾ’, ಅಂದರೆ ಗುಂಪಿನ ನಾಯಕ, ಆಗಬೇಕು ಅನ್ನೋ ಮಾತಿನ ಬೇರು ಇರೋದು 1940ರ ದಶಕದಲ್ಲಿ. ಎಲ್ಲೆಲ್ಲಿಂದಲೋ ತಂದು ಒಂದೇ ಆವರಣದಲ್ಲಿ ಕೂಡಿಹಾಕಿದ್ದ ತೋಳಗಳ ಜಗಳ ನೋಡಿ ಬರೆದಿದ್ದದು. ಆ ಮಾತನ್ನು ಜನಪ್ರಿಯ ಮಾಡಿದವರಲ್ಲಿ ಒಬ್ಬರಾದ ಅಮೆರಿಕದ ತೋಳ ತಜ್ಞ ಡೇವಿಡ್ ಮೀಚ್, ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ, ಅಲ್ಲಿರೋದು ಅಪ್ಪ ಅಮ್ಮ ಮರಿಗಳ ಸಂಸಾರ ಅಂತ ತಾವೇ ತಿದ್ದಿ ಹೇಳಿದರು. ನಿಮ್ಮ ನಾಯಿಗೆ ಯಜಮಾನಿಕೆ ಬೇಕಿಲ್ಲ. ಅದಕ್ಕೆ ಅದರ ಊಟ ಹೋಗಿಬಿಡುತ್ತೆ ಅನ್ನೋ ಭಯ.

ಆ ಭಯವನ್ನು ತೆಗೆಯೋದು ಹೇಗೆ? ಮೊದಲ ಕೆಲವು ವಾರ ಏನೂ ಕಲಿಸಲೇಬೇಡಿ. ಬೇರೆ ಕೋಣೆಯಲ್ಲೋ ಹಿತ್ತಲಲ್ಲೋ ಬಟ್ಟಲಿಟ್ಟು, ಬಾಗಿಲು ಹಾಕಿಕೊಂಡು ಬನ್ನಿ. ತಿಂದು ಮುಗಿಸಿ ಅದು ಹೊರಗೆ ಬಂದು ಬೇರೆ ಕಡೆ ಹೋದ ಮೇಲೆ ಬಟ್ಟಲು ತೆಗೆಯಿರಿ. ‘ಅಭ್ಯಾಸ ಆಗಲಿ’ ಅಂತ ಊಟದ ಮಧ್ಯೆ ಬಟ್ಟಲಲ್ಲಿ ಕೈಯಾಡಿಸೋದು, ಬಟ್ಟಲು ಕಿತ್ತು ವಾಪಸ್ ಇಡೋದು, ಇವು ಬಹಳ ಜನ ಕೊಡುವ ಸಲಹೆ. ನಮ್ಮ ತಟ್ಟೆಗೆ ಯಾರಾದರೂ ದಿನಾ ಹೀಗೆ ಕೈ ಹಾಕಿದರೆ ನಾವೇನು ಅಭ್ಯಾಸ ಮಾಡಿಕೊಳ್ಳುತ್ತೀವಾ?

ಮನೆ ಸ್ವಲ್ಪ ತಣ್ಣಗಾದ ಮೇಲೆ ಕಲಿಸೋಕೆ ಶುರು. ಬಟ್ಟಲಲ್ಲಿ ಮಾಮೂಲಿ ಮುದ್ದೆನೋ ಅನ್ನನೋ ಇರಲಿ. ನಿಮ್ಮ ಕೈಯಲ್ಲಿ ಅದಕ್ಕಿಂತ ರುಚಿಯಾದದ್ದು, ಉಪ್ಪು ಖಾರ ಈರುಳ್ಳಿ ಇಲ್ಲದೆ ಬರೀ ನೀರಲ್ಲಿ ಬೇಯಿಸಿದ ಕೋಳಿ ಚೂರು. ನಾಯಿ ನಿರಾಳವಾಗಿ ತಿನ್ನುತ್ತಲೇ ಇರುವಷ್ಟು ದೂರದಿಂದ, ಅಂದರೆ ಬಾಗಿಲಿನ ಆಚೆಯಿಂದ ಬೇಕಾದರೂ ಸರಿ, ಒಂದು ಚೂರು ಬಟ್ಟಲಿನ ಹತ್ತಿರಕ್ಕೆ ಎಸೆದು ಹೊರಟುಹೋಗಿ. ನಿಂತು ನೋಡಬೇಡಿ. ಹೀಗೇ ದಿನಾ. ಕೆಲವು ದಿನಗಳಲ್ಲಿ ನೀವು ಕಾಣಿಸಿದ ಕೂಡಲೇ ಅದು ಬಟ್ಟಲಿನಿಂದ ತಲೆಯೆತ್ತಿ, ಮೈ ಸಡಿಲ ಬಿಟ್ಟು, ಬಾಲ ಆಡಿಸುತ್ತಾ ನಿಮ್ಮ ಕೈ ನೋಡುತ್ತದೆ. ಆಗ ಒಂದು ಹೆಜ್ಜೆ ಮುಂದೆ. ಅಗಿಯೋದು ನಿಲ್ಲಿಸಿತು, ಗಬಗಬ ತಿನ್ನೋಕೆ ಶುರು ಮಾಡಿತು ಅಂದರೆ ಹತ್ತಿರ ಆಯ್ತು ಅಂತ ಅರ್ಥ, ಎರಡು ಹೆಜ್ಜೆ ಹಿಂದೆ. ಇದಕ್ಕೆ ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು. ಮೊದಲು ನೀವು, ಆಮೇಲೆ ಯಜಮಾನರು, ಆಮೇಲೆ ಅತ್ತೆಯವರು, ಒಬ್ಬೊಬ್ಬರೂ ಬಾಗಿಲಿನಿಂದಲೇ ಶುರು ಮಾಡಬೇಕು. ಮಗಳು ಈ ಆಟಕ್ಕೆ ಬರೋದೇ ಬೇಡ. ಪಟಾಕಿ ಹೊಡೆದ ರಾತ್ರಿಯ ಮರುದಿನ, ಮನೆ ತುಂಬ ನೆಂಟರಿದ್ದ ದಿನ ಇದಕ್ಕೆ ಕೈ ಹಾಕಬೇಡಿ. ಅವತ್ತು ನಾಯಿಯ ತಾಳ್ಮೆ ಮೊದಲೇ ಅರ್ಧ ಖಾಲಿಯಾಗಿರುತ್ತದೆ.

ಬಟ್ಟಲಲ್ಲದೆ ಬೇರೆ ಏನಾದರೂ ಬಾಯಲ್ಲಿ ಸಿಕ್ಕಿಸಿಕೊಂಡರೂ ಉಪಾಯ ಇದೇ. ಕರಿಯ ಒಮ್ಮೆ ಬಾದಾಮಿ ಮಾವಿನ ಹಣ್ಣಿನ ಓಟೆ ಕಚ್ಚಿಕೊಂಡು ಮಂಚದ ಕೆಳಗೆ ಹೋಗಿ ಕೂತ. ಮಾವಿನ ಓಟೆ ನುಂಗಿದರೆ ಕರುಳಿಗೆ ಅಡ್ಡ ಸಿಕ್ಕಿ ಆಪರೇಷನ್ ತನಕ ಹೋಗುತ್ತದೆ, ಹಾಗಾಗಿ ತೆಗೆಸಲೇಬೇಕು. ಅಪ್ಪ ಬಗ್ಗಿ ಕೈ ಚಾಚಿದರು. ಎರಡೂ ಮುಂಗಾಲಿನ ನಡುವೆ ಓಟೆ, ಅದರ ಮೇಲೆ ಗದ್ದ, ಮೇಲ್ದುಟಿ ಒಂದೇ ಪಕ್ಕ ನಡುಗುತ್ತಾ ಮೇಲೇರಿ ಕೋರೆಹಲ್ಲು ಕಾಣುತ್ತಿತ್ತು. ಸದ್ದೇ ಇಲ್ಲ. ಅಪ್ಪನ ತೋಳು ಹಿಡಿದು ಹಿಂದಕ್ಕೆ ಎಳೆದೆ. ಅಮ್ಮ ಅಡುಗೆಮನೆಯಿಂದ ಬೇಯಿಸಿದ ಮೊಟ್ಟೆ ತಂದು ಚೂರು ಚೂರು ಮಾಡಿ ಹಾಲ್‌ನಿಂದ ಹಿತ್ತಲ ತನಕ ನೆಲದ ಮೇಲೆ ಹಾಕುತ್ತಾ ಹೋದರು. ಓಟೆ ಬಿಟ್ಟು ಮೊಟ್ಟೆ ಹಿಂದೆ ಹೊರಟ. ಹಿತ್ತಲ ಬಾಗಿಲು ಹಾಕಿದ ಮೇಲೆ ಓಟೆ ತೆಗೆದೆವು. ಲಂಚ ಅನ್ನಿ, ಏನಾದರೂ ಅನ್ನಿ, ಯಾರ ಕೈಗೂ ಹೊಲಿಗೆ ಬೀಳಲಿಲ್ಲ.

ಗೇಟಿನ ಕಥೆ ಬೇರೆ. ಹಾಲಿನವರು ಬರುತ್ತಾರೆ, ನಾಯಿ ಬೊಗಳುತ್ತದೆ, ಅವರು ಹಾಲು ಇಟ್ಟು ಹೋಗುತ್ತಾರೆ. ನಾಯಿ ಲೆಕ್ಕದಲ್ಲಿ, ತಾನು ಬೊಗಳಿದ್ದಕ್ಕೇ ಅವರು ಓಡಿದ್ದು. ದಿನಾ ಬೆಳಿಗ್ಗೆ ಒಂದು ಗೆಲುವು. ಅದರ ಮೇಲೆ ಚೈನು. ಕಟ್ಟಿದ ನಾಯಿಗೆ ಹೆದರಿದರೆ ಓಡಿಹೋಗುವ ದಾರಿ ಇಲ್ಲ, ಹಾಗಾಗಿ ಎದುರಿಗೆ ಬೀಳುತ್ತದೆ. ಗೇಟಿನ ಪಕ್ಕ ಕಟ್ಟೋದು ನಿಲ್ಲಿಸಿ. ಗ್ರಿಲ್ ಗೇಟಿಗೆ ಒಳಗಡೆಯಿಂದ ಗ್ರೀನ್ ನೆಟ್ ಎರಡು ಮಡಿಕೆ ಮಾಡಿ ಬಿಗಿಯಿರಿ, ನಮ್ಮೂರಲ್ಲಿ ಅದು ಸಿಗದ ಅಂಗಡಿ ಇಲ್ಲ. ರಸ್ತೆ ಕಾಣದಿದ್ದರೆ ಅರ್ಧ ಗಲಾಟೆ ಅಲ್ಲೇ ಕಡಿಮೆ. ಹಾಲು ಬರುವ ಹೊತ್ತಿಗೆ ನಾಯಿ ಹಿತ್ತಲಲ್ಲಿರಲಿ. ‘ನಾಯಿ ಇದೆ ಎಚ್ಚರಿಕೆ’ ಬೋರ್ಡೂ ಹಾಕಿ, ಆದರೆ ಬೋರ್ಡ್ ಇದೆ ಅಂತ ಚಿಲಕ ಹಾಕೋದು ಮರೆಯಬೇಡಿ. ಬೆಳಿಗ್ಗೆ ಸಂಜೆ ಜನ ಕಡಿಮೆ ಇರುವ ಹೊತ್ತಲ್ಲಿ ಉದ್ದ ಬೆಲ್ಟ್ ಹಾಕಿ ವಾಕಿಂಗ್ ಕರೆದುಕೊಂಡು ಹೋಗಿ, ಮೂಸುತ್ತಾ ಅಡ್ಡಾಡಲಿ. ಕಾಂಪೌಂಡಿನೊಳಗೇ ಇಡೀ ದಿನ ಕಳೆಯುವ ಈ ಜಾತಿ ನಾಯಿಗೆ ತಲೆ ಕೆಡದಿದ್ದರೇ ಆಶ್ಚರ್ಯ.

ಹೊರಗೆ ಹೋಗುವಾಗ, ಡಾಕ್ಟರ ಹತ್ತಿರ ಒಯ್ಯುವಾಗ ಬಾಯಿಗೆ ಮಜಲ್ ಬೇಕು. ಅಂಗಡಿಯಲ್ಲಿ ಸಿಗುವ ಬಿಗಿ ನೈಲಾನ್ ಪಟ್ಟಿ ಬೇಡ, ಅದರಲ್ಲಿ ನಾಯಿ ಬಾಯಿ ತೆರೆದು ಏದುಸಿರು ಬಿಡಲಾಗದು, ಬಿಸಿಲಲ್ಲಿ ಅಪಾಯ. ಎತ್ತಿನ ಬಾಯಿಗೆ ಹಾಕುವ ಕುಕ್ಕೆಯ ಥರ ಬುಟ್ಟಿಯಾಕಾರದ್ದು ಕೇಳಿ ತನ್ನಿ. ಮೊದಲ ದಿನವೇ ಕಟ್ಟಬೇಡಿ. ಒಳಗೆ ಮೊಸರು ಸವರಿ ಮುಂದೆ ಹಿಡಿಯಿರಿ, ತಾನಾಗಿ ಮೂತಿ ತೂರಿಸಲಿ.

ಮಗಳ ವಿಷಯ ಚಿಕ್ಕದು ಆದರೆ ಬಿಗಿಯಾದದ್ದು. ದೊಡ್ಡವರು ಯಾರೂ ಇಲ್ಲದಾಗ ನಾಯಿಯೂ ಅವಳೂ ಒಂದೇ ಕೋಣೆಯಲ್ಲಿ ಇರಬಾರದು. ಬಚ್ಚಲಿಗೆ ಹೋಗಿ ಬರುವಷ್ಟು ಹೊತ್ತಿಗೂ ಇಲ್ಲ. ಮಲಗಿರುವ ನಾಯಿ, ತಿನ್ನುತ್ತಿರುವ ನಾಯಿ, ಇವೆರಡನ್ನು ಮುಟ್ಟಬಾರದು ಅಂತ ಅವಳಿಗೆ ಹೇಳಿಕೊಡಿ, ಆದರೆ ಅವಳ ನೆನಪಿನ ಮೇಲೆ ಭರವಸೆ ಇಡದೆ ಬಾಗಿಲಿನ ಮೇಲೆ ಇಡಿ.

ಟ್ರೈನರ್ ಕರೆಸಿದರೆ ಮೊದಲು ಅವರ ಚೀಲ ನೋಡಿ. ಮುಳ್ಳಿನ ಬೆಲ್ಟ್, ಶಾಕ್ ಕೊಡುವ ಬೆಲ್ಟ್ ಇದ್ದರೆ ಚಹಾ ಕೊಟ್ಟು ಕಳಿಸಿ. ಒಂದೇ ದಿನದಲ್ಲಿ ಸರಿ ಮಾಡುತ್ತೇನೆ ಅಂದರೆ ಚಹಾನೂ ಬೇಡ. ಅವರು ಗುರ್ ನಿಲ್ಲಿಸಿ ದುಡ್ಡು ತೆಗೆದುಕೊಂಡು ಹೋಗುತ್ತಾರೆ, ಅದರ ಫಲ ನಿಮ್ಮ ಮನೆಯಲ್ಲಿ ಉಳಿಯುತ್ತದೆ.

ಕಾನೂನನ್ನೂ ತಿಳಿದಿರಿ. ಸಾಕಿದ ಪ್ರಾಣಿಯಿಂದ ಬೇರೆಯವರಿಗೆ ಅಪಾಯ ಆಗದ ಹಾಗೆ ನೋಡಿಕೊಳ್ಳದೆ ನಿರ್ಲಕ್ಷ್ಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ 6 ತಿಂಗಳ ತನಕ ಜೈಲು, ಅಥವಾ 5,000 ರೂಪಾಯಿ ತನಕ ದಂಡ, ಅಥವಾ ಎರಡೂ. ಕೊರಿಯರ್ ಹುಡುಗ ಕಂಪ್ಲೇಂಟ್ ಕೊಟ್ಟರೆ ಇದೇ ಬೀಳೋದು. ಇನ್ನು ‘ಇಂಥ ನಾಯಿಗಳನ್ನು ಸರ್ಕಾರ ಬ್ಯಾನ್ ಮಾಡಿದೆ’ ಅಂತ ಯಾರಾದರೂ ಹೆದರಿಸಿದರೆ: 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್, ಪಿಟ್‌ಬುಲ್ ಸೇರಿ ಕೆಲವು ತಳಿಗಳ ಮೇಲೆ ಹೊರಡಿಸಿದ್ದ ಸುತ್ತೋಲೆಯನ್ನು ಮುಂದಿನ ತಿಂಗಳೇ ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು.

ಕೊನೆಗೆ ಮಾವಿನ ತೋಟ. ದಯವಿಟ್ಟು ಬೇಡ. ಫಸಲು ಇರುವ ತನಕ ಅಲ್ಲಿ ಕಾವಲಿನವರು ಇರುತ್ತಾರೆ, ಅನ್ನ ಬೀಳುತ್ತದೆ. ಕಾಯಿ ಕಿತ್ತು ಲಾರಿಗೆ ತುಂಬಿದ ಮೇಲೆ ಗುಡಿಸಲು ಖಾಲಿ. ಕಚ್ಚುವ ಅಭ್ಯಾಸ ಇರುವ, ಹಸಿದ ನಾಯಿ ಪಕ್ಕದ ಊರಿನ ಕುರಿ, ಮಕ್ಕಳ ಕಡೆ ಹೋಗುತ್ತದೆ. ಹಸಿವು ನೀರಡಿಕೆಯಲ್ಲಿ ನರಳುವಂಥ ಕಡೆ ಬಿಟ್ಟುಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಇಷ್ಟೆಲ್ಲ ಮಾಡಿಯೂ ನಿಮ್ಮ ಕೈಯಲ್ಲಿ ಆಗಲಿಲ್ಲ ಅಂದರೆ ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ, ಚಿಕ್ಕ ಮಗು ಇರುವ ಮನೆ. ಮಕ್ಕಳಿಲ್ಲದ, ನಾಯಿ ಸಾಕಿ ಗೊತ್ತಿರುವವರನ್ನು ಹುಡುಕಿ. ಕಚ್ಚಿದ್ದನ್ನು ಮುಚ್ಚಿಡದೆ ಹೇಳಿ, ಬಟ್ಟಲಿನ ಪಾಠ ಎಲ್ಲಿಯವರೆಗೆ ಬಂದಿದೆ ಅಂತ ತಿಳಿಸಿ, ಲಸಿಕೆ ಕಾರ್ಡ್ ಜೊತೆಗೇ ಕೊಡಿ. ಅಂಥವರು ಸಿಗದೆ, ಆಳವಾದ ಕಡಿತ ಮತ್ತೆ ಮತ್ತೆ ಆಗುತ್ತಿದ್ದರೆ, ಮುಂದೇನು ಅಂತ ಪಶುವೈದ್ಯರ ಜೊತೆ ಕೂತು ಮಾತಾಡಿ. ಅವರು ಹೇಳುವುದರಲ್ಲಿ ದಯಾಮರಣವೂ ಇರಬಹುದು. ಆ ಮಾತು ಬಂದರೆ ಯಜಮಾನರು, ಅತ್ತೆಯವರು ಇಬ್ಬರೂ ಎದುರಿಗಿರಲಿ.