ಹಡಗಿನವರ ಬಸ್ಸು ಹತ್ತಬೇಕಾ, ನಾವೇ ಸುತ್ತಬೇಕಾ?

ಊರು ಬಿಟ್ಟು ಊರಿಗೆ: ಓದುಗರ ಪ್ರಶ್ನೆಗಳಿಗೆ ಗಂಗಾವತಿಯ ನಿವೃತ್ತ ಶಾಲಾ ಶಿಕ್ಷಕಿಯ ಉತ್ತರ

ಪ್ರಶ್ನೆ: ಅಕ್ಕಾ, ನಮಸ್ಕಾರ. ಸಿಂಧನೂರಿನಲ್ಲಿ ನನ್ನದು ಗೊಬ್ಬರ, ಬೀಜದ ಅಂಗಡಿ. ಬರುವ ಜನವರಿಯಲ್ಲಿ ನಾನು, ಹೆಂಡತಿ, ಎಂಟನೇ ಕ್ಲಾಸಿನ ಮಗಳು ಮತ್ತು 67 ವರ್ಷದ ಅವ್ವ ಸಿಂಗಪುರದಿಂದ ಕ್ರೂಸ್ ಹೋಗುತ್ತಿದ್ದೇವೆ. ಪೋರ್ಟ್ ಕ್ಲಾಂಗ್, ಪೆನಾಂಗ್, ಫುಕೆಟ್ ಮೂರು ಕಡೆ ಹಡಗು ನಿಲ್ಲುತ್ತದೆ. ಇಳಿದು ಊರು ನೋಡಲು ಹಡಗಿನವರೇ ಟೂರ್ ಮಾಡಿಸುತ್ತಾರೆ. ಒಬ್ಬರಿಗೆ ಒಂದು ಬಂದರಿಗೆ 80-90 ಡಾಲರ್ ಹೇಳಿದ್ದಾರೆ. ಭತ್ತದ ರೇಟಿನಲ್ಲಿ ಲೆಕ್ಕ ಹಾಕಿ ತಲೆ ತಿರುಗಿತು. ಭಾಮೈದ 'ಹೊರಗೆ ಟ್ಯಾಕ್ಸಿ ಮಾಡ್ಕೊಂಡ್ರೆ ಅರ್ಧಕ್ಕೂ ಕಮ್ಮಿ' ಅನ್ನುತ್ತಾನೆ. ಏಜೆಂಟ್ 'ಹಡಗು ಬಿಟ್ಟು ಹೋದ್ರೆ ನಾನು ಜವಾಬ್ದಾರ ಅಲ್ಲ' ಅನ್ನುತ್ತಾನೆ. ಯಾರ ಮಾತು ಕೇಳಲಿ?
(ಹೆಸರು ಬೇಡ ಎಂದವರು, ಸಿಂಧನೂರು)

ಉತ್ತರ: ತಮ್ಮಾ, ಇಬ್ಬರ ಮಾತೂ ನಿಜ. ಆದರೆ ಇಬ್ಬರೂ ಮೂರು ಬಂದರನ್ನು ಒಂದೇ ತಕ್ಕಡಿಗೆ ಹಾಕಿದ್ದಾರೆ. ತಪ್ಪು ಅಲ್ಲೇ ಇದೆ. ಒಂದೊಂದು ಬಂದರಿಗೂ ಬೇರೆ ಲೆಕ್ಕ.

ನೀವು ವಿರೂಪಾಪುರ ಗಡ್ಡಿ ಕಂಡಿರುತ್ತೀರಿ. ಹಂಪಿ ಕಡೆಯಿಂದ ಹೊಳೆ ದಾಟಲು ನಿಮಿಷಗಳು ಸಾಕು. ಸಂಜೆ ಕೊನೆಯ ದೋಣಿ ತಪ್ಪಿತೋ, ಕಣ್ಣೆದುರಿಗಿರುವ ದಡಕ್ಕೆ ಹತ್ತಾರು ಕಿಲೋಮೀಟರ್ ಸುತ್ತಿ ಬರಬೇಕು. ಹಡಗು ತಪ್ಪಿದರೂ ಅದೇ ಕತೆ, ಸುತ್ತು ಮಾತ್ರ ವಿಮಾನದಲ್ಲಿ. ಖರ್ಚೂ ನಿಮ್ಮದೇ. ಹಡಗಿನವರ ಬಸ್ಸಿನಲ್ಲಿ ಹೋಗಿ ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ಕಾಯಲು ಆಗದಿದ್ದರೆ ಮುಂದಿನ ಬಂದರಿಗೆ ಅವರೇ ಮುಟ್ಟಿಸುತ್ತಾರೆ. ಆ 80-90 ಡಾಲರಿನಲ್ಲಿ ಬಸ್ಸಿನ ಬಾಡಿಗೆ ಎಷ್ಟೋ ಗೊತ್ತಿಲ್ಲ, ದೊಡ್ಡ ಪಾಲು ಈ ಧೈರ್ಯದ ಬೆಲೆ. ಹಾಗಾಗಿ ಧೈರ್ಯ ಎಲ್ಲಿ ಬೇಕೋ ಅಲ್ಲಿ ಮಾತ್ರ ದುಡ್ಡು ಕೊಡಿ.

ಪೆನಾಂಗ್‌ನಲ್ಲಿ ಬೇಕಿಲ್ಲ. ಹಡಗು ಸ್ವೆಟೆನ್‌ಹ್ಯಾಮ್ ಪಿಯರ್‌ಗೆ ಬಂದು ನಿಲ್ಲುತ್ತದೆ. ಅದು ಜಾರ್ಜ್‌ಟೌನ್ ಊರಿನ ಅಂಚಿನಲ್ಲೇ ಇದೆ. ಗೇಟು ದಾಟಿದರೆ ಊರು. ಕಾರ್ನ್‌ವಾಲಿಸ್ ಕೋಟೆ ಅಲ್ಲೇ ಪಕ್ಕಕ್ಕೆ, ಲಿಟಲ್ ಇಂಡಿಯಾ ನಡೆದು ಹೋಗುವಷ್ಟು ದೂರ. ನಮ್ಮ ಹಂಪಿ 1986ರಲ್ಲಿ ಸೇರಿದ ಯುನೆಸ್ಕೊ ಪಟ್ಟಿಗೆ ಈ ಜಾರ್ಜ್‌ಟೌನ್ 2008ರಲ್ಲಿ ಸೇರಿತು. ಹಳೆಯ ಅಂಗಡಿ ಸಾಲು, ಚೀನಿಯರ ಗುಡಿ, ಮಸೀದಿ, ನಮ್ಮವರ ಮಾರಿಯಮ್ಮನ ಗುಡಿ ಎಲ್ಲಾ ನಾಲ್ಕು ಬೀದಿಯಲ್ಲೇ. ಕ್ವೀನ್ ಸ್ಟ್ರೀಟಿನ ಮಹಾಮಾರಿಯಮ್ಮನ್ ಗುಡಿ 1833ರದ್ದು. ಬೆಳಗ್ಗೆಯೇ ಹೋಗಿ, ಮಧ್ಯಾಹ್ನ ನಮ್ಮೂರ ಗುಡಿಗಳ ಹಾಗೆ ಬಾಗಿಲು ಹಾಕುತ್ತಾರೆ. ಅವ್ವನಿಗೆ ಊಟದ ಚಿಂತೆಯೂ ಬೇಡ, ಬಾಳೆ ಎಲೆ ಮೇಲೆ ಅನ್ನ, ಸಾರು ಸಿಗುತ್ತದೆ. ಬೆಟ್ಟ ಹತ್ತುವ ರೈಲು ನೋಡಬೇಕು ಎಂದು ಮಗಳು ಹಟ ಮಾಡಿದರೆ ಪೆನಾಂಗ್ ಹಿಲ್‌ಗೆ ಗ್ರಾಬ್ ಆ್ಯಪಿನಲ್ಲಿ ಕಾರು ಕರೆಸಿ. ನಮ್ಮ ಓಲಾ ಇದ್ದ ಹಾಗೆಯೇ. ರೇಟು ಮೊದಲೇ ಕಾಣುತ್ತದೆ, ಚೌಕಾಸಿ ಇಲ್ಲ. ಇಂಥ ಊರಿನಲ್ಲಿ 90 ಡಾಲರ್ ಕೊಟ್ಟು ಬಸ್ಸಿನ ಕಿಟಕಿಯಿಂದ ನೋಡುವುದು ಸುಮ್ನೆ ದಂಡ.

ಪೋರ್ಟ್ ಕ್ಲಾಂಗ್ ಹಾಗಲ್ಲ. ಟೂರಿನ ಹೆಸರು ಕ್ವಾಲಾಲಂಪುರ ಅಂತ ಇರುತ್ತದೆ, ಹಡಗು ನಿಲ್ಲುವುದು ಮಾತ್ರ 50 ಕಿಲೋಮೀಟರ್ ಆಚೆ, ದ್ವೀಪದ ಬಂದರಿನಲ್ಲಿ. ಬಳ್ಳಾರಿಯಲ್ಲಿ ಇಳಿಸಿ ಹೊಸಪೇಟೆ ನೋಡಿಕೊಂಡು ಬನ್ನಿ ಅಂದ ಹಾಗೆ. ಸಂಜೆ ವಾಪಸ್ ಬರುವಾಗ ಹೆದ್ದಾರಿ ತುಂಬಾ ಕಾರು. ಅಲ್ಲಿ ನಾವು ಹಡಗಿನವರ ಬಸ್ಸನ್ನೇ ಹತ್ತಿದ್ದೆವು, 2018ರ ಡಿಸೆಂಬರ್‌ನಲ್ಲಿ. ಹಡಗಿನ ಹೆಸರು ಬೇಡ ಬಿಡಿ.

ಎದೆ ಮೇಲೆ 14 ಎಂಬ ಹಳದಿ ಸ್ಟಿಕ್ಕರ್ ಅಂಟಿಸಿದರು. ಗೈಡ್ ಹುಡುಗಿ ಕೈಯಲ್ಲಿ ಅದೇ ನಂಬರಿನ ಕೋಲು. ಹತ್ತುವಾಗ, ಇಳಿಯುವಾಗ ತಲೆ ಎಣಿಕೆ. ಮೂವತ್ತು ವರ್ಷ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದವಳು ನಾನು, ಆ ಹುಡುಗಿ ಎರಡೆರಡು ಸಲ ಎಣಿಸಿದ್ದು ಕಂಡು ಖುಷಿಯಾಯಿತು. ಮೊದಲು ಒಂದು ಚಾಕೊಲೇಟ್ ಅಂಗಡಿಗೆ ಕರೆದುಕೊಂಡು ಹೋದರು. ನಲವತ್ತು ನಿಮಿಷ. ಆಮೇಲೆ ಪೆಟ್ರೋನಾಸ್ ಗೋಪುರದ ಮುಂದೆ ಫೋಟೊಗೆ ಇಳಿಸಿದರು. ಕೊನೆಗೆ ಬಾಟು ಕೇವ್ಸ್, ಅರ್ಧ ಗಂಟೆ. ಅಲ್ಲಿ ಮುರುಗನ ವಿಗ್ರಹವೇ 140 ಅಡಿ, ಗುಹೆಗೆ 272 ಮೆಟ್ಟಿಲು. ನಮ್ಮ ಅತ್ತೆಯವರು ಆನೆಗೊಂದಿಯವರು, ಅಂಜನಾದ್ರಿ ಹತ್ತಿದ ಕಾಲು. ಸೀರೆ ನೆರಿಗೆ ಎತ್ತಿ ಕಟ್ಟಿ ನೂರು ಮೆಟ್ಟಿಲು ಏರಿದ್ದರು, ಕೆಳಗಿನಿಂದ 14 ನಂಬರಿನ ಕೋಲು ಆಡತೊಡಗಿತು. 'ಚಾಕ್ಲೇಟಿಗೆ ನಲ್ವತ್ತು ನಿಮಿಷ, ಸಾಮಿಗೆ ಮೂವತ್ತಾ?' ಎಂದು ಅಲ್ಲೇ ಕೂತುಬಿಟ್ಟರು. ಇಳಿಸಿಕೊಂಡು ಬರುವಷ್ಟರಲ್ಲಿ ಸಾಕುಬೇಕಾಯಿತು. ಇವತ್ತಿಗೂ ಮನೆಯಲ್ಲಿ ಯಾರಾದರೂ ಚಾಕೊಲೇಟ್ ತಂದರೆ ಆ ಮಾತು ಬರುತ್ತದೆ.

ಆದರೂ ಕ್ಲಾಂಗ್‌ಗೆ ನನ್ನ ವೋಟು ಹಡಗಿನ ಬಸ್ಸಿಗೇ. ಬುಕ್ ಮಾಡುವ ಮುಂಚೆ ಒಂದು ಮಾತು ಕೇಳಿ: ಯಾವ ಜಾಗದಲ್ಲಿ ಎಷ್ಟು ನಿಮಿಷ, ಎಷ್ಟು ಅಂಗಡಿ? ನಾಲ್ಕು ಜಾಗ ತೋರಿಸುವ ಟೂರಿಗಿಂತ ಎರಡು ಜಾಗದ್ದು ವಾಸಿ. ಇನ್ನೊಂದು ದಾರಿಯೂ ಇದೆ. ಹಡಗಿನಲ್ಲಿ ಬಂದವರಿಗೆಂದೇ ವ್ಯಾನು ಇಟ್ಟುಕೊಂಡ ಸ್ಥಳೀಯ ಟೂರ್‌ನವರು ಇರುತ್ತಾರೆ. ನೀವು ನಾಲ್ಕು ಜನ, ಒಂದು ವ್ಯಾನು ಮಾಡಿದರೆ ಅವ್ವನ ನಡಿಗೆಗೆ ತಕ್ಕ ಹಾಗೆ ನಿಲ್ಲಬಹುದು. ದುಡ್ಡೂ ಉಳಿಯುತ್ತದೆ. ಮುಂಗಡ ಕೊಡುವ ಮುಂಚೆ, ಹಡಗು ಆ ಬಂದರಿಗೆ ಬರದೇ ಹೋದರೆ ದುಡ್ಡು ವಾಪಸ್ ಕೊಡುತ್ತೀರಾ ಎಂದು ಬರಹದಲ್ಲಿ ಕೇಳಿಕೊಳ್ಳಿ. ಹಡಗಿನವರ ಟೂರ್ ಆದರೆ ಆ ದುಡ್ಡು ತಾನಾಗಿಯೇ ವಾಪಸ್ ಬರುತ್ತದೆ.

ಇನ್ನು ಫುಕೆಟ್. ಅಲ್ಲಿ ನಾವೇ ಸುತ್ತಿದೆವು, ಸ್ವಲ್ಪದರಲ್ಲೇ ಹಡಗು ತಪ್ಪುತ್ತಿತ್ತು.

ಫುಕೆಟ್‌ನ ಪಟಾಂಗ್ ಬೀಚಿನ ಹತ್ತಿರ ನಮ್ಮ ಹಡಗು ದಡಕ್ಕೆ ಬರಲಿಲ್ಲ. ನೀರಲ್ಲೇ ಲಂಗರು ಹಾಕಿ, ಸಣ್ಣ ದೋಣಿಯಲ್ಲಿ ಜನರನ್ನು ಬಿಟ್ಟರು. ಇದಕ್ಕೆ ಟೆಂಡರ್ ಅನ್ನುತ್ತಾರೆ, ಕಂಟ್ರಾಕ್ಟಿನ ಟೆಂಡರ್ ಅಲ್ಲ! ಹಡಗಿನ ಟೂರ್ ತಗೊಂಡವರಿಗೆ ಮೊದಲ ದೋಣಿ. ಉಳಿದವರು ಟೋಕನ್ ಹಿಡಿದು ಕೂರಬೇಕು. ನಮಗೆ ಒಂದು ಗಂಟೆ ಅಲ್ಲೇ ಹೋಯಿತು. ಇಳಿದ ಮೇಲೆ ಬೀಚು, ಬಜಾರು, ಒಣಗಿಸಿದ ಮಾವಿನಹಣ್ಣು. ಕೊನೆಯ ದೋಣಿ ಐದೂವರೆಗೆ. ನಾನು ಫೋನು ನೋಡಿದೆ, ನಾಲ್ಕೂ ಹತ್ತು. ಇನ್ನೂ ಬೇಕಾದಷ್ಟು ಟೈಮಿದೆ ಎಂದು ಎಳನೀರು ಹೇಳಿದೆವು. ಕೊರಳಲ್ಲಿ ನಮ್ಮ ಹಡಗಿನದೇ ಕಾರ್ಡು ಹಾಕಿಕೊಂಡ ಗುಜರಾತಿ ದಂಪತಿ ಓಡುತ್ತಾ ಬಂದವರು, 'ಆಂಟೀ, ಅಭೀ ತಕ್ ಯಹಾಂ?' ಎಂದರು. ಅವರ ವಾಚಿನಲ್ಲಿ ಐದೂ ಹತ್ತು!

ಆಗಿದ್ದು ಇಷ್ಟೇ. ಸಿಂಗಪುರ, ಮಲೇಷ್ಯಾ ನಮಗಿಂತ ಎರಡೂವರೆ ಗಂಟೆ ಮುಂದೆ. ಥಾಯ್ಲೆಂಡ್ ಒಂದೂವರೆ ಗಂಟೆ ಮಾತ್ರ. ನಮ್ಮ ಹಡಗು ಸಿಂಗಪುರದ ಟೈಮನ್ನೇ ಇಟ್ಟುಕೊಂಡಿತ್ತು. ನನ್ನ ಫೋನು ಮಾತ್ರ ದಡ ಮುಟ್ಟುತ್ತಿದ್ದಂತೆ ಥಾಯ್ ಟೈಮಿಗೆ ತಾನೇ ತಿರುಗಿಕೊಂಡಿತ್ತು. ಎಳನೀರು ಅಲ್ಲೇ ಬಿಟ್ಟು ಓಡಿದೆವು. ಅತ್ತೆಯವರನ್ನು ಒಬ್ಬ ಟುಕ್‌ಟುಕ್‌ನವನು ಕೂರಿಸಿಕೊಂಡು ಬಂದ. ಅವನು ಕೇಳಿದಷ್ಟು ಕೊಟ್ಟೆವು, ಚೌಕಾಸಿ ಮಾಡುವ ಮುಖ ಯಾರಿಗಿತ್ತು? ಕೊನೆಯ ದೋಣಿಗೆ ನಾವೇ ಕೊನೆಯವರು.

ಅದಕ್ಕೇ ಹೇಳುತ್ತೇನೆ, ಎಲ್ಲಿ ಇಳಿದರೂ ಕೈಗೆ ವಾಚು ಕಟ್ಟಿ. ಹಡಗಿನ ಬಾಗಿಲಲ್ಲಿ ಇರುವ ಗಡಿಯಾರಕ್ಕೆ ಅದನ್ನು ಹೊಂದಿಸಿ, ಆಮೇಲೆ ಮುಟ್ಟಬೇಡಿ. ನಮ್ಮ ಮನೆಯವರ ಹಳೆಯ ಎಚ್‌ಎಂಟಿ ಈಗ ನನ್ನ ಪ್ರವಾಸದ ಬ್ಯಾಗಿನಲ್ಲೇ ಇರುತ್ತದೆ. ದಿನಾ ರಾತ್ರಿ ಮರುದಿನದ ಹಾಳೆ ರೂಮಿಗೋ, ಹಡಗಿನವರ ಆ್ಯಪಿಗೋ ಬರುತ್ತದೆ. ಎಲ್ಲರೂ ಹತ್ತಬೇಕಾದ ಸಮಯ ಅದರಲ್ಲಿ ಇರುತ್ತದೆ, ಹಡಗು ಹೊರಡುವುದಕ್ಕೆ ಅರ್ಧ, ಒಂದು ಗಂಟೆ ಮುಂಚಿನದು. ಬಂದರಿನ ಏಜೆಂಟಿನ ನಂಬರೂ ಇರುತ್ತದೆ. ಆ ಹಾಳೆಯ ಫೋಟೊ ಹೊಡೆದುಕೊಳ್ಳಿ. ನಾವೇ ಸುತ್ತುವ ದಿನ ಆ ಸಮಯಕ್ಕೂ ಒಂದೂವರೆ ಗಂಟೆ ಮುಂಚೆ ಬಂದರಿನಲ್ಲಿ ಇರುವುದು ನನ್ನ ಲೆಕ್ಕ. ಬಂದರಿನ ಬಾಗಿಲಲ್ಲೇ ಕೂತು ಟೀ ಕುಡಿಯಿರಿ, ಯಾರು ಬೇಡ ಅಂದರು?

ಜನವರಿಯಲ್ಲಿ ಫುಕೆಟ್ ಕಡೆ ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ, ಹರಿಗೋಲು ಹತ್ತಿ ಅಭ್ಯಾಸ ಇದ್ದರೆ ಅವ್ವ ಟೆಂಡರ್ ಹತ್ತುತ್ತಾರೆ, ಸಿಬ್ಬಂದಿ ಕೈ ಹಿಡಿಯುತ್ತಾರೆ. ಪಟಾಂಗ್ ಸುತ್ತಮುತ್ತ ಮಾತ್ರ ಆದರೆ ನೀವೇ ಹೋಗಿ. ಫಿ ಫಿ ದ್ವೀಪದ ಆಸೆ ಇದ್ದರೆ ಹಡಗಿನವರ ಟೂರೇ ಇರಲಿ. ನಡುನೀರಲ್ಲಿ ಸ್ಪೀಡ್‌ಬೋಟ್ ಕೆಟ್ಟರೆ ವಾಚು ಕಟ್ಟಿ ಏನು ಮಾಡುತ್ತೀರಿ?

ನೀವು ಕೇಳದ ಒಂದು ಮಾತು. ಸಿಂಗಪುರದಿಂದ ಹೊರಟು ಮತ್ತೆ ಸಿಂಗಪುರಕ್ಕೇ ಬರುತ್ತೀರಿ, ಅದು ಎರಡನೇ ಸಲ ಒಳಗೆ ಬಂದ ಲೆಕ್ಕ. ವೀಸಾ ಮಲ್ಟಿಪಲ್ ಎಂಟ್ರಿ ಇದೆಯಾ ಎಂದು ಇವತ್ತೇ ನೋಡಿ.

ಪ್ರಶ್ನೆ: ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪ ಹೋಗುವ ಹಡಗಿಗೆ ವಿಚಾರಿಸುತ್ತಿದ್ದೇವೆ. ಇಲ್ಲಿಯೂ ಹಡಗಿನ ಟೂರ್ ಬೇಕಾ? ನಮ್ಮ ದೇಶವೇ ಅಲ್ವಾ?
(ಕೊಪ್ಪಳದ ಓದುಗರು)

ಉತ್ತರ: ಗೋವಾದಲ್ಲಿ ಬೇಡ. ಹಡಗು ನಿಲ್ಲುವುದು ಮುರ್ಮುಗೋವಾ ಬಂದರಿನಲ್ಲಿ, ಅಂದರೆ ವಾಸ್ಕೋ. ಕೊಪ್ಪಳದಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಎಷ್ಟು ಸಲ ಅಲ್ಲಿಗೇ ಹೋಗಿಲ್ಲ ನಾವು! ಪಣಜಿ ಸುಮಾರು 30 ಕಿಲೋಮೀಟರ್. ಟ್ಯಾಕ್ಸಿ ಹತ್ತುವ ಮುಂಚೆಯೇ ಹೋಗಿ ಬರುವ ರೇಟು ಮಾತಾಡಿ, ಕಾಯುವ ದುಡ್ಡೂ ಅದರಲ್ಲೇ ಸೇರಲಿ.

ಕೊಚ್ಚಿಯಲ್ಲಿ ಇನ್ನೂ ಸಲೀಸು. ವಿಲಿಂಗ್ಡನ್ ದ್ವೀಪದಲ್ಲಿ ಇಳಿದು ಆಟೋ ಹಿಡಿದರೆ ಮಟ್ಟಂಚೇರಿ, ಫೋರ್ಟ್ ಕೊಚ್ಚಿ, ಚೀನಿ ಬಲೆ ಎಲ್ಲಾ ನೋಡಬಹುದು. 1568ರ ಯಹೂದಿ ಮಂದಿರ ನೋಡುವ ಆಸೆ ಇದ್ದರೆ ಶನಿವಾರ ಹೋಗಬೇಡಿ, ಮುಚ್ಚಿರುತ್ತದೆ.

ಲಕ್ಷದ್ವೀಪದ ಮಾತೇ ಬೇರೆ. ನಮ್ಮ ದೇಶವೇ ಆದರೂ ಹೊರಗಿನವರು ಕಾಲಿಡಲು ಪರ್ಮಿಟ್ ಬೇಕು. ಹಡಗು ದೂರ ನಿಂತು ಸಣ್ಣ ದೋಣಿಯಲ್ಲಿ ದಡಕ್ಕೆ ಬಿಡುತ್ತದೆ. ಅಲ್ಲಿ ಹಡಗಿನವರು ಹೇಳಿದ ಹಾಗೆ ಕೇಳಿ, ಸ್ವಂತ ಬುದ್ಧಿ ರೂಮಿನಲ್ಲಿ ಬಿಟ್ಟು ಬನ್ನಿ.

ಪ್ರಶ್ನೆ: ಜರ್ಮನಿಯಲ್ಲಿರುವ ಮಗ ಇಟಲಿ ಕಡೆ ಕ್ರೂಸ್ ಬುಕ್ ಮಾಡಿದ್ದಾನೆ. ಪಟ್ಟಿಯಲ್ಲಿ ರೋಮ್ ಅಂತ ಇದೆ. ಇಳಿದು ನಡೆದುಕೊಂಡೇ ನೋಡಬಹುದಾ?
(ಬಳ್ಳಾರಿಯ ಓದುಗರು)

ಉತ್ತರ: ಆಗುವುದಿಲ್ಲ. ರೋಮ್ ಸಮುದ್ರದ ದಡದಲ್ಲೇ ಇಲ್ಲ. ಹಡಗು ನಿಲ್ಲುವ ಊರು ಚಿವಿತವೆಕ್ಕಿಯ. ರೋಮ್ ಅಲ್ಲಿಂದ 70-80 ಕಿಲೋಮೀಟರ್. ರೈಲಿದೆ, ಒಂದು ಗಂಟೆ ಆಸುಪಾಸು. ಮಗ ಯುರೋಪಿನಲ್ಲಿ ಓಡಾಡಿ ಪಳಗಿದ್ದರೆ ರೈಲಿನಲ್ಲೇ ಹೋಗಿ. ನೀವಿಬ್ಬರೇ ಆದರೆ ನಡುವಿನ ದಾರಿ ಒಂದಿದೆ. ಬರೀ ಬಸ್ಸು ಕೊಟ್ಟು ರೋಮ್‌ನಲ್ಲಿ ಬಿಟ್ಟು, ಸಂಜೆ ಹತ್ತಿಸಿಕೊಂಡು ಬರುವ ಟೂರನ್ನೂ ಎಷ್ಟೋ ಹಡಗಿನವರು ಮಾರುತ್ತಾರೆ. ಗೈಡ್ ಇಲ್ಲ, ಅಂಗಡಿ ಇಲ್ಲ. ಪೂರಾ ಟೂರಿಗಿಂತ ಅಗ್ಗ. ಕೊಲೋಸಿಯಂ ಟಿಕೆಟ್‌ಗೆ ಹೊತ್ತು ಗೊತ್ತು ಮಾಡಿರುತ್ತಾರೆ, ಊರಲ್ಲಿದ್ದಾಗಲೇ ತೆಗೆಸಿಬಿಡಿ. ಪರ್ಸು ಹಿಂದಿನ ಜೇಬಿನಲ್ಲಿ ಇಡುವ ಅಭ್ಯಾಸ ಮನೆಯವರಿಗೆ ಇದ್ದರೆ ಈಗಿನಿಂದಲೇ ಬಿಡಿಸಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಮೊಣಕಾಲು ನೋವು. ಬಂದರಿನಲ್ಲಿ ಇಳಿಯದೇ ಹಡಗಿನಲ್ಲೇ ಇದ್ದರೆ ಬೈಯುತ್ತಾರಾ?
(ಹೆಸರು ಬೇಡ, ರಾಯಚೂರು)

ಉತ್ತರ: ಯಾಕೆ ಬೈಯುತ್ತಾರೆ ತಾಯಿ? ದುಡ್ಡು ಕೊಟ್ಟಿದ್ದೀರಿ. ಎಲ್ಲರೂ ಇಳಿದು ಹೋದ ಮೇಲೆ ಲಿಫ್ಟ್ ಖಾಲಿ, ಈಜುಕೊಳ ಖಾಲಿ, ಊಟಕ್ಕೆ ಕ್ಯೂ ಇಲ್ಲ. ಎಲ್ಲೋ ಒಂದೆರಡು ಬಂದರಿನಲ್ಲಿ ಪಾಸ್‌ಪೋರ್ಟ್ ತೋರಿಸಲು ಎಲ್ಲರನ್ನೂ ಕರೆಯುತ್ತಾರೆ, ಅಷ್ಟೇ. ಸಂಜೆ ಹಡಗು ಹೊರಡುವ ಹೊತ್ತಿಗೆ ಯಜಮಾನರನ್ನು ಕರೆದುಕೊಂಡು ಮೇಲಿನ ಡೆಕ್ಕಿಗೆ ಹೋಗಿ, ದಡದ ಕಡೆಯ ಕಂಬಿ ಹಿಡಿದು ನಿಲ್ಲಿ. ಕೈಚೀಲ ಹಿಡಿದು ಓಡಿ ಬರುವವರು ಯಾರಾದರೂ ಇದ್ದೇ ಇರುತ್ತಾರೆ. ಫುಕೆಟ್‌ನಲ್ಲಿ ನಮಗೆ ಮೂರು ಡೆಕ್ಕಿನವರು ಚಪ್ಪಾಳೆ ತಟ್ಟಿದ್ದರು. ಅತ್ತೆಯವರು ದೋಣಿಯಲ್ಲೇ ಎದ್ದು ನಿಂತು ಎಲ್ಲರಿಗೂ ಕೈ ಮುಗಿದರು.