ಓದುಗರ ಪ್ರಶ್ನೆ: ಸಾಸಿನಲ್ಲಿ ಮೆತ್ತಗಾದ ಕೊರಿಯನ್ ಕೋಳಿ

ಪ್ರಶ್ನೆ: ಮಗಳ ಆಸೆಯಂತೆ ಮನೆಮಂದಿಯೆಲ್ಲ ಕೊರಿಯನ್ ಫ್ರೈಡ್ ಚಿಕನ್ ರೆಸ್ಟೋರೆಂಟೊಂದಕ್ಕೆ ಹೋಗಿದ್ದೆವು. ಅರ್ಧ ಭಾಗ ಕೆಂಪು ಖಾರದ ಸಾಸಿನದು, ಇನ್ನರ್ಧ ಸೋಯಾ ಮತ್ತು ಬೆಳ್ಳುಳ್ಳಿಯದು ಬೇಕೆಂದು ಹೇಳಿದೆವು. ಬಂದ ಕೋಳಿಯ ಹೊರಪದರ ಮೆತ್ತಗಾಗಿತ್ತು. ಕಚ್ಚಿದ ಕೂಡಲೇ ಚರ್ಮದ ಸಮೇತ ಕಳಚಿ ತಟ್ಟೆಗೆ ಬೀಳುತ್ತಿತ್ತು. ತಟ್ಟೆಯ ತಳದಲ್ಲಿ ಸಾಸು ನಿಂತಿತ್ತು, ಬಾಯಿಗೆ ಸಿಹಿಯ ಹೊರತು ಬೇರೆ ರುಚಿ ಹತ್ತಲಿಲ್ಲ. ವಿಚಾರಿಸಿದಾಗ, ಸಾಸು ಹಾಕಿದ ಮೇಲೆ ಹೀಗೆಯೇ ಇರುತ್ತದೆ ಎಂದರು. ಇದು ನಿಜವೇ?

ಉತ್ತರ: ನಿಜವಲ್ಲ. ಸಾಸು ಹಚ್ಚಿದ ಮೇಲೂ ಹಲ್ಲಿಗೆ ಗರಿಗರಿಯಾಗಿ ಸಿಗುವುದೇ ಈ ತಿನಿಸಿನ ಹೆಗ್ಗಳಿಕೆ. ನಿಮ್ಮ ವಿವರಣೆಯನ್ನು ಓದಿದರೆ, ತಪ್ಪು ಸಾಸಿನಲ್ಲಿ ಅಲ್ಲ, ಅದಕ್ಕೂ ಮೊದಲು ಎಣ್ಣೆಯ ಬಾಣಲೆಯಲ್ಲೇ ಆಗಿದೆ ಎಂದು ನನಗನ್ನಿಸುತ್ತದೆ.

ಈ ಕೋಳಿಯನ್ನು ಸಾಮಾನ್ಯವಾಗಿ ಎರಡು ಸಲ ಕರಿಯುತ್ತಾರೆ. ಆಲೂಗಡ್ಡೆಯ ಅಥವಾ ಜೋಳದ ಪಿಷ್ಟವನ್ನು ತೆಳುವಾಗಿ ಹಚ್ಚಿದ ತುಂಡುಗಳನ್ನು ಮೊದಲು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನ ಎಣ್ಣೆಯಲ್ಲಿ ಬೇಯಿಸಿ ಹೊರತೆಗೆದು ಕೆಲವು ನಿಮಿಷ ಹಾಗೆಯೇ ಬಿಡುತ್ತಾರೆ. ಆ ಬಿಡುವಿನಲ್ಲಿ ಮಾಂಸದೊಳಗಿನ ತೇವ ಹೊರಪದರಕ್ಕೆ ಬರುತ್ತದೆ. ಬಳಿಕ 180 ಡಿಗ್ರಿಯ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ಮತ್ತೆ ಕರಿದಾಗ ಆ ತೇವ ಹಾರಿಹೋಗಿ, ಚರ್ಮದ ಕೊಬ್ಬು ಇನ್ನಷ್ಟು ಕರಗಿ, ಚರ್ಮವೂ ಹೊರಪದರವೂ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತವೆ. ನಿಮ್ಮ ತಟ್ಟೆಯಲ್ಲಿ ಹೊರಪದರ ಚರ್ಮದೊಂದಿಗೇ ಕಳಚಿತೆಂದರೆ, ಎರಡನೆಯ ಕರಿತ ನಡೆದಿಲ್ಲ, ಇಲ್ಲವೇ ಎಣ್ಣೆ ಸಾಕಷ್ಟು ಕಾಯ್ದಿರಲಿಲ್ಲ. ಒಂದೇ ಬಾಣಲೆಗೆ ಹೆಚ್ಚು ತುಂಡುಗಳನ್ನು ತುಂಬಿದರೂ ಎಣ್ಣೆಯ ಕಾವು ಇಳಿದು ಇದೇ ಗತಿಯಾಗುತ್ತದೆ.

ಸಾಸಿನ ಕಡೆಗೆ ಬರೋಣ. ಕೊರಿಯಾದಲ್ಲಿ ಯಾಂಗ್‌ನ್ಯೊಮ್ ಎಂದು ಕರೆಯುವ ಕೆಂಪು ಸಾಸಿನಲ್ಲಿ ಗೊಚುಜಾಂಗ್ ಎಂಬ ಹುದುಗಿಸಿದ ಮೆಣಸಿನಕಾಯಿ ಪೇಸ್ಟ್, ಬೆಳ್ಳುಳ್ಳಿ ಮತ್ತು ಪಿಷ್ಟದಿಂದ ತೆಗೆದ ಸಿಹಿ ಪಾಕ ಇರುತ್ತವೆ. ಕೆಚಪ್ ಹಾಕುವವರೂ ಅನೇಕರಿದ್ದಾರೆ. ಆದ್ದರಿಂದ ಸಿಹಿಯಿರುವುದೇ ದೋಷವಲ್ಲ. ಸಿಹಿಯ ಬೆನ್ನಿಗೇ ಹುದುಗಿನ ಒಗರು, ಬೆಳ್ಳುಳ್ಳಿಯ ಘಾಟು, ನಿಧಾನವಾಗಿ ಏರುವ ಖಾರ ಬರಬೇಕಿತ್ತು, ಅವು ಬರಲಿಲ್ಲವೆಂಬುದು ದೋಷ. ಚೆನ್ನಾಗಿ ಕುದಿಸಿ ಮಂದವಾಗಿಸಿದ ಸಾಸು ತುಂಡಿಗೆ ತೆಳುವಾಗಿ ಅಂಟಿ ಹೊಳೆಯುತ್ತದೆಯೇ ಹೊರತು ತಟ್ಟೆಯ ತಳಕ್ಕೆ ಇಳಿಯುವುದಿಲ್ಲ. ನಿಮಗೆ ಬಂದದ್ದು ನೀರಾಗಿತ್ತು, ಇಲ್ಲವೇ ಅಳತೆ ಮೀರಿ ಸುರಿದದ್ದಾಗಿತ್ತು. ಸಾಸು ಬೆರೆಸಿದ ಮೇಲೆ ತಟ್ಟೆ ಅಡುಗೆಮನೆಯಲ್ಲೇ ಬಹಳ ಹೊತ್ತು ಕಾದಿದ್ದಿರಲೂಬಹುದು.

ರೆಸ್ಟೋರೆಂಟಿನವರ ಮಾತಿಗೆ ಸಣ್ಣದೊಂದು ಆಧಾರವಿದೆ ಎಂಬುದನ್ನೂ ಹೇಳಬೇಕು. ಸೋಲ್ ನಗರದ ಶಿನ್‌ಸೆಗೆ ಡಿಪಾರ್ಟ್‌ಮೆಂಟ್ ಸ್ಟೋರಿನ ನೆಲಮಾಳಿಗೆಯಲ್ಲಿ 1977ರಲ್ಲಿ ಲಿಮ್ಸ್ ಚಿಕನ್ ಎಂಬ ಕರಿದ ಕೋಳಿಯ ಅಂಗಡಿ ಆರಂಭವಾದಾಗ ಮಾರಾಟವಾಗುತ್ತಿದ್ದುದು ಬರಿಯ ಕರಿದ ಕೋಳಿ. ಅದಕ್ಕೆ ಕೆಂಪು ಸಾಸು ಸೇರಿಸಿದ ಕೀರ್ತಿಯನ್ನು ದೇಗು ನಗರದ ಯೂನ್ ಜೊಂಗ್-ಗ್ಯೆ ಅವರಿಗೆ ಕೊಡುತ್ತಾರೆ. ಆರಿದ ಕೋಳಿಯ ಗಟ್ಟಿ ಹೊರಪದರ ಗಿರಾಕಿಗಳ ಬಾಯಿಗೆ ಚುಚ್ಚುವುದನ್ನು ಕಂಡು, 1980ರ ದಶಕದ ಆರಂಭದಲ್ಲಿ ಅವರು ಈ ಸಾಸನ್ನು ರೂಢಿಗೆ ತಂದರು. ಒರಟುತನವನ್ನು ತಗ್ಗಿಸುವುದು ಸಾಸಿನ ಮೂಲ ಉದ್ದೇಶವಾಗಿತ್ತು, ನಿಜ. ಹಾಗೆಂದು ಬೇಗ ಗರಿಗರಿ ಕಳೆದುಕೊಳ್ಳುವಂತೆ ಕರಿದ ಕೋಳಿಯನ್ನು ಅದರಲ್ಲಿ ಅದ್ದಿ ಕೊಡಲು ಅದು ನೆಪವಾಗಬಾರದು.

ಇನ್ನೊಮ್ಮೆ ಹೊಸ ಜಾಗಕ್ಕೆ ಹೋದಾಗ ಸಾಸಿಲ್ಲದ ಕೋಳಿಯನ್ನು ಮೊದಲು ತರಿಸಿಕೊಳ್ಳಿ, ಸಾಸನ್ನು ಬಟ್ಟಲಿನಲ್ಲಿ ಬೇರೆಯಾಗಿ ಕೇಳಿ. ಕರಿದವರ ಕೈಗುಣ ಆಗ ಮರೆಯಾಗುವುದಿಲ್ಲ. ಜೊತೆಗೆ ಸಿಹಿಹುಳಿಯಲ್ಲಿ ನೆನೆಸಿದ ಬಿಳಿ ಮೂಲಂಗಿಯ ತುಂಡುಗಳನ್ನು ಕೊಡುವುದು ಕೊರಿಯಾದ ರೂಢಿ; ಜಿಡ್ಡು ಮುಖಕ್ಕೆ ಹೊಡೆಯದಂತೆ ಅದು ಕಾಯುತ್ತದೆ. ಊಟ ಸರಿಯಿಲ್ಲವೆನಿಸಿದರೆ ಮೊದಲ ತುಂಡಿನಲ್ಲೇ ಹೇಳಿಬಿಡಿ. ದುಡ್ಡು ಕೊಟ್ಟು ಉಣ್ಣುವವರು ಸಂಕೋಚಪಡಬೇಕಾಗಿಲ್ಲ, ಅರ್ಧ ತಿಂದ ಮೇಲೆ ಹೇಳಿದ ದೂರನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದೂ ಇಲ್ಲ.

ಪ್ರಶ್ನೆ: ಇಂಥದ್ದೇ ಹೋಟೆಲಿನಲ್ಲಿ ಕಾಲಿನ ತುಂಡನ್ನು ಬಿಡಿಸಿದಾಗ ಮೂಳೆಯ ಸುತ್ತ ಕೆಂಪಾಗಿತ್ತು. ತಿನ್ನಬಹುದೇ?

ಉತ್ತರ: ಬಣ್ಣವೊಂದನ್ನೇ ನೋಡಿ ಹೇಳಲಾಗದು. ಎಳೆಯ ಕೋಳಿಯ ಮೂಳೆ ಪೂರ್ತಿ ಬಲಿತಿರುವುದಿಲ್ಲವಾದ್ದರಿಂದ ಒಳಗಿನ ಮಜ್ಜೆಯ ಬಣ್ಣ ಸುತ್ತಲಿನ ಮಾಂಸಕ್ಕೆ ಇಳಿದು, ಬೆಂದ ಮೇಲೂ ಕೆಂಪಾಗಿ ಕಾಣಬಹುದು. ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದರೆ ಭಯವಿಲ್ಲ. ಆದರೆ ತಟ್ಟೆಯ ಮುಂದೆ ಕುಳಿತವರ ಕೈಯಲ್ಲಿ ಥರ್ಮಾಮೀಟರ್ ಇರುವುದಿಲ್ಲ. ಮಾಂಸ ಗಾಜಿನಂತೆ ಅರೆಪಾರದರ್ಶಕವಾಗಿದ್ದರೆ, ಮುಟ್ಟಿದರೆ ಲೋಳೆಯೆನಿಸಿದರೆ, ಮೂಳೆಯಿಂದ ಬಿಡದೆ ರಬ್ಬರಿನಂತೆ ಎಳೆದುಕೊಂಡರೆ, ಅದು ಬೆಂದಿಲ್ಲವೆಂದೇ ತಿಳಿದು ಹಿಂದಕ್ಕೆ ಕಳುಹಿಸಿ. ಅನುಮಾನವಿದ್ದಾಗಲೂ ಕಳುಹಿಸುವುದೇ ಸರಿ, ಮಕ್ಕಳು ತಿನ್ನುವ ತಟ್ಟೆಯಾದರಂತೂ ಎರಡನೆಯ ಯೋಚನೆಯೇ ಬೇಡ.